ಕತೆ ಮುಗಿದ ಕೂಡಲೇ ಪ್ರಶ್ನೆ ಬೇಡ

ಅಕ್ಕಾ, ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಮಗಳಿಗೆ ಹತ್ತು ವರ್ಷ. ನಾಲ್ಕನೇ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೇನೆ. ದಿನಾ ಮೂರು ಗಂಟೆ ವ್ಯಾನಿನಲ್ಲೇ ಹೋಗುತ್ತಿತ್ತು. ಮನೆಗೆ ಬಂದರೆ ಮತ್ತೆ ಹೋಂವರ್ಕ್. ಓದುವ ಹುಚ್ಚಿದ್ದ ಹುಡುಗಿ ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದಳು. ಕತೆ, ಕಾದಂಬರಿ, ಜೀವನಚರಿತ್ರೆಗಳ ಮೂಲಕವೇ ಎಲ್ಲ ವಿಷಯ ಕಲಿಸುವ ಪದ್ಧತಿಯ ಬಗ್ಗೆ ತಿಳಿದು ಆಸೆಯಾಯಿತು. ಅಮೆರಿಕದವರು ಮಾಡಿದ 36 ವಾರದ ಒಂದು ಪಠ್ಯಯೋಜನೆಯನ್ನು ದುಡ್ಡು ಕೊಟ್ಟು ತರಿಸಿದೆ. ಅದರಲ್ಲಿ ಅರುವತ್ತಕ್ಕೂ ಹೆಚ್ಚು ಪುಸ್ತಕಗಳ ಪಟ್ಟಿ ಇದೆ, ಪ್ರತಿ ಅಧ್ಯಾಯಕ್ಕೂ ಪ್ರಶ್ನೆಗಳಿವೆ. ಗೋಡೆಗೆ ಚಾರ್ಟ್ ಹಾಕಿದ್ದೇನೆ. ಆದರೆ ನಾವು ಒಂಬತ್ತು ವಾರ ಹಿಂದೆ ಬಿದ್ದಿದ್ದೇವೆ. ಈಗ ನಾನು ಪುಸ್ತಕ ಕೈಗೆ ತೆಗೆದುಕೊಂಡರೆ ಸಾಕು, ಅವಳು ತೋಟಕ್ಕೆ ಓಡುತ್ತಾಳೆ. ಕನ್ನಡದಲ್ಲಿ ಹೀಗೆ ಕಲಿಸುವುದಕ್ಕೆ ಸಾಕಷ್ಟು ಪುಸ್ತಕ ಇವೆಯಾ? ಗಣಿತಕ್ಕೆ ಏನು ಮಾಡಲಿ? ಹತ್ತನೇ ಕ್ಲಾಸಿನ ಪರೀಕ್ಷೆಗೆ ದಾರಿ ಏನು? ಅತ್ತೆಯವರು ಮಗುವಿನ ಭವಿಷ್ಯ ಹಾಳು ಮಾಡುತ್ತಿದ್ದೀಯ ಎನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ

ತಂಗೀ, ನಿಮ್ಮ ಮಗಳು ಪುಸ್ತಕ ಕಂಡು ಓಡುತ್ತಿಲ್ಲ, ಪುಸ್ತಕದ ಹಿಂದೆ ಬರುವ ಪ್ರಶ್ನೆಗಳಿಗೆ ಹೆದರಿ ಓಡುತ್ತಿದ್ದಾಳೆ. ಶಾಲೆಯಲ್ಲಿ ಅವಳ ಓದಿನ ಹುಚ್ಚನ್ನು ಬಿಡಿಸಿದ್ದು ಯಾವುದೋ ಅದೇ ಈಗ ನಿಮ್ಮ ಜಗಲಿಗೆ ಬಂದು ಕೂತಿದೆ. ಆದ್ದರಿಂದ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಆ ಚಾರ್ಟ್ ತೆಗೆದಿಡಿ. ಇನ್ನು ಒಂದು ತಿಂಗಳು ಯಾವ ಕತೆಯ ಕೊನೆಗೂ ಒಂದೇ ಒಂದು ಪ್ರಶ್ನೆ ಕೇಳಬೇಡಿ. ಓದಿ ಹೇಳಿ, ಪುಸ್ತಕ ಮುಚ್ಚಿ, ಎದ್ದು ನಿಮ್ಮ ಕೆಲಸಕ್ಕೆ ಹೋಗಿ. ಒಂಬತ್ತು ವಾರ ಹಿಂದೆ ಬಿದ್ದಿದ್ದೇವೆ ಎಂಬ ಲೆಕ್ಕವನ್ನೂ ಬಿಟ್ಟುಬಿಡಿ. ನಿಮ್ಮ ಮಗಳನ್ನು ಒಮ್ಮೆಯೂ ನೋಡದವರು ಹಾಕಿದ ಲೆಕ್ಕ ಅದು.

ಪ್ರಶ್ನೆ ಕೇಳದಿದ್ದರೆ ಅರ್ಥವಾಯಿತೋ ಇಲ್ಲವೋ ತಿಳಿಯುವುದು ಹೇಗೆ ಎಂದು ನೀವು ಕೇಳುತ್ತೀರಿ. ನೀವು ತರಿಸಿದ ಯೋಜನೆಯಂಥವುಗಳ ಮೂಲ ಹುಡುಕಿಕೊಂಡು ಹೋದರೆ ಶಾರ್ಲೆಟ್ ಮೇಸನ್ ಎಂಬ ಇಂಗ್ಲೆಂಡಿನ ಶಿಕ್ಷಕಿ ಸಿಗುತ್ತಾರೆ. 1842ರಿಂದ 1923ರವರೆಗೆ ಬದುಕಿದ್ದವರು. ಮಕ್ಕಳಿಗೆ ಒಣ ಪಠ್ಯ ಬೇಡ, ವಿಷಯವನ್ನು ಪ್ರೀತಿಸಿ ಬರೆದವರ ಪುಸ್ತಕ ಬೇಕು ಎಂದು ಹೇಳಿದವರು. ಆಕೆಯ ಪದ್ಧತಿಯಲ್ಲಿ ಪ್ರತಿ ಓದಿನ ಕೊನೆಗೆ ಪ್ರಶ್ನೆಗಳ ಪಟ್ಟಿ ಇರಲಿಲ್ಲ. ಒಂದು ಭಾಗವನ್ನು ಒಮ್ಮೆ ಮಾತ್ರ ಓದುವುದು, ಕೇಳಿದ ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು, ಅಷ್ಟೇ. ಹೇಳುವ ಮಗು ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಿಡಬಹುದು ಎಂಬುದನ್ನೆಲ್ಲ ತಾನೇ ತೀರ್ಮಾನಿಸಬೇಕಾಗುತ್ತದೆ. ಹತ್ತು ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಇದು ಕಷ್ಟದ ಕೆಲಸ, ಮಗುವಿಗೆ ಖುಷಿ ಕೊಡುವ ಕೆಲಸವೂ ಹೌದು. ಆಮೇಲೆ ಬಂದ ಯೋಜನೆಗಳು ಇದರ ಮೇಲೆ ಪ್ರಶ್ನೆಗಳನ್ನು ಹೇರಿಕೊಂಡವು. ಅವುಗಳನ್ನು ಇಳಿಸುವುದಕ್ಕೆ ನೀವು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ.

ಕೇಳಿದ್ದನ್ನು ತಿರುಗಿ ಹೇಳುವುದು ನಮಗೆ ಹೊಸದೂ ಅಲ್ಲ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೇ ಹೆಸರಾದ ಊರು. ನಿಮ್ಮ ಕಡೆ ತಾಳಮದ್ದಳೆ ಇದೆ. ಪ್ರಸಂಗ ತಿಳಿದವರು ಪಾತ್ರವೇ ತಾವಾಗಿ, ಬರೆದಿಟ್ಟುಕೊಳ್ಳದೆ, ರಾತ್ರಿಯಿಡೀ ವಾದಿಸುತ್ತಾರೆ. ನಿಮ್ಮ ಮಗಳನ್ನು ಒಂದು ತಾಳಮದ್ದಳೆಗೆ ಕರೆದುಕೊಂಡು ಹೋಗಿ. ಮರುದಿನ ಅವಳು ಕರ್ಣನ ಪರ ಮಾತಾಡಲಿ, ನೀವು ಕೃಷ್ಣನ ಪರ ನಿಲ್ಲಿ. ಅವಳಿಗೆ ಎಷ್ಟು ಅರ್ಥವಾಗಿದೆ ಎಂದು ನಿಮಗೆ ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಮೊದಮೊದಲು ತಿರುಗಿ ಹೇಳುವುದಕ್ಕೆ ಅವಳು ಒಪ್ಪದಿದ್ದರೆ ಒತ್ತಾಯ ಬೇಡ. ಸಂಜೆ ಅಪ್ಪನಿಗೆ ತಾನಾಗಿ ಹೇಳುತ್ತಾಳೆ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಿ.

ಈಗ ಪುಸ್ತಕದ ಮಾತು. ಕನ್ನಡದಲ್ಲಿ ಸಾಕಷ್ಟು ಇವೆಯಾ ಎಂದು ಕೇಳಿದ್ದೀರಿ. ಅಮೆರಿಕದ ಪಟ್ಟಿಗೆ ಸಾಲಿಗೆ ಸಾಲು ಕನ್ನಡ ಪುಸ್ತಕ ಹುಡುಕಲು ಹೊರಟರೆ ಸಿಗುವುದಿಲ್ಲ. ಹುಡುಕಲೂ ಬಾರದು. ಆ ಪಟ್ಟಿ ಆ ದೇಶದ ಮಕ್ಕಳಿಗೆ ತಮ್ಮ ನೆಲವನ್ನು ತೋರಿಸುವುದಕ್ಕೆ ಮಾಡಿದ್ದು. ಅದರಲ್ಲಿ ಅಲ್ಲಿನ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಪುಸ್ತಕಗಳು ಇದ್ದೇ ಇರುತ್ತವೆ. ಒಳ್ಳೆಯ ಪುಸ್ತಕಗಳು, ಎಸೆಯಬೇಡಿ. ಆ ಕತೆಗಳು ನಡೆಯುವ ಹುಲ್ಲುಗಾವಲಿನಲ್ಲಿ ಮೊದಲೇ ಇದ್ದ ಮೂಲನಿವಾಸಿಗಳ ವಿಷಯ ಬಂದಾಗ ಮಾತ್ರ ನಿಲ್ಲಿಸಿ ಮಗಳೊಂದಿಗೆ ಮಾತಾಡಿ. ಆದರೆ ಹತ್ತು ವರ್ಷದ ಹುಡುಗಿ ಶರಾವತಿಯನ್ನು ತಿಳಿಯುವ ಮೊದಲು ಮಿಸಿಸಿಪ್ಪಿಯನ್ನು ತಿಳಿಯಬೇಕಾಗಿಲ್ಲ.

ನನ್ನ ಸಲಹೆ ಇದು: ಈ ವರ್ಷಕ್ಕೆ ಅರುವತ್ತು ಪುಸ್ತಕದ ಪಟ್ಟಿ ಬೇಡ, ಒಂದು ನದಿ ಸಾಕು. ಶರಾವತಿಯನ್ನೇ ತೆಗೆದುಕೊಳ್ಳಿ. ಅದರ ಸುತ್ತ ಎಂಟು ಪುಸ್ತಕ ಇಟ್ಟುಕೊಳ್ಳಿ.

ಸಾಗರದಲ್ಲೇ ಬಾಳಿದ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಮಕ್ಕಳ ಕಾದಂಬರಿ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಇದಕ್ಕೇ. ಇಲ್ಲಿಂದ ಶುರು ಮಾಡಿ. ದಿನಕ್ಕೆ ಒಂದು ಅಧ್ಯಾಯಕ್ಕಿಂತ ಹೆಚ್ಚು ಓದಬೇಡಿ, ಅವಳು ಇನ್ನೂ ಬೇಕು ಎಂದರೂ ಅಲ್ಲಿಗೇ ನಿಲ್ಲಿಸಿ. ಪುಸ್ತಕ ಮುಗಿಯುವ ಹೊತ್ತಿಗೆ ಪ್ರಶ್ನೆಗಳು ಅವಳಿಂದಲೇ ಬರುತ್ತವೆ. ಊರು ಏಕೆ ಮುಳುಗಿತು? ಅಲ್ಲಿದ್ದವರು ಎಲ್ಲಿಗೆ ಹೋದರು? ನಿಮ್ಮ ನೆಂಟರಿಷ್ಟರಲ್ಲೇ ಮುಳುಗಡೆಯಿಂದ ಎದ್ದು ಬಂದವರು ಯಾರಾದರೂ ಇದ್ದಾರು. ಮಗಳು ಒಂದು ನೋಟುಪುಸ್ತಕ ಹಿಡಿದು ಅವರ ಎದುರು ಕೂರಲಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಿ. ಚರಿತ್ರೆಯನ್ನು ಹೇಗೆ ಬರೆಯುತ್ತಾರೆ ಎಂಬುದರ ಮೊದಲ ಪಾಠ ಅದು, ಯಾವ ತರಗತಿಯಲ್ಲೂ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರದು. ಅದಕ್ಕೂ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ಹೊಸದು ಬಂದಾಗ ಹಳೆಯ ಅಣೆಕಟ್ಟೇ ನೀರಿನೊಳಗೆ ಹೋಯಿತು. ಬೇಸಗೆಯಲ್ಲಿ ಹಿನ್ನೀರು ಕೆಳಗಿಳಿದಾಗ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಅವಳನ್ನು ಕರೆದುಕೊಂಡು ಹೋಗಿ ತೋರಿಸಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, ಅದನ್ನು ಅವಳೇ ದಿನವೂ ಗ್ರಾಫ್ ಹಾಳೆಯಲ್ಲಿ ಗುರುತು ಮಾಡಲಿ. ಗರಿಷ್ಠ ಮಟ್ಟ 1,819 ಅಡಿ. ಇನ್ನೆಷ್ಟು ಅಡಿ ಬಾಕಿ, ದಿನಕ್ಕೆ ಎಷ್ಟು ಏರುತ್ತಿದೆ, ಹೀಗೇ ಏರಿದರೆ ಯಾವಾಗ ತುಂಬೀತು ಎಂದು ಅವಳೇ ಲೆಕ್ಕ ಹಾಕುತ್ತಾಳೆ. ನೀರು ವಿದ್ಯುತ್ ಆಗುವುದು ಹೇಗೆ ಎಂಬ ವಿಜ್ಞಾನವೂ ಇಲ್ಲೇ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಿಂದ ಹೊನ್ನಾವರದ ಕಡಲಿನವರೆಗೆ ನದಿಯ ನಕ್ಷೆಯನ್ನು ಕೈಯಿಂದ ಬಿಡಿಸಿದರೆ ಭೂಗೋಳವೂ ಆಯಿತು.

ನದಿಯ ಜತೆ ಕೆಳಗಿಳಿದರೆ ಗೇರುಸೊಪ್ಪೆ. 16ನೇ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಗಜಾನನ ಶರ್ಮರ 'ಚೆನ್ನಭೈರಾದೇವಿ' ದೊಡ್ಡವರ ಕಾದಂಬರಿ. ಮೊದಲು ನೀವು ಓದಿ, ಆಮೇಲೆ ರಾತ್ರಿ ಮಲಗುವಾಗ ಕತೆಯಾಗಿ ಹೇಳಿ. ದೊಡ್ಡ ಪುಸ್ತಕವನ್ನು ತಾಯಿ ಓದಿ ಮಗುವಿಗೆ ಹೇಳುವುದೂ ಸಾಹಿತ್ಯದ ಪಾಠವೇ, ಅದನ್ನು ಕೀಳಾಗಿ ಎಣಿಸಬೇಡಿ. ಗೇರುಸೊಪ್ಪೆಯ ಚತುರ್ಮುಖ ಬಸದಿಯ ಎದುರು ನಿಂತರೆ ಅವಳಿಗೆ ಆ ರಾಣಿ ನಿಜವಾಗಿ ಇದ್ದವಳು ಎಂದು ಮನಸ್ಸಿಗೆ ಬರುತ್ತದೆ. ನಿಮ್ಮದೇ ತೋಟದ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಗಾಗಿ ಸಮುದ್ರ ದಾಟಿ ಹಡಗುಗಳು ಬಂದವು ಎಂದು ತಿಳಿದ ಮಗುವಿಗೆ ವಾಸ್ಕೋ ಡ ಗಾಮ ಬಂದ 1498ನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇಲ್ಲಿಂದ ಮುಂದಿನ ಪುಸ್ತಕ ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ದೂರದ ಆ ಖಂಡದಿಂದ ಬಂದು ನಮ್ಮ ಊಟದಲ್ಲಿ ಸೇರಿಹೋದ ಗಿಡಗಳ ವಿಚಾರ ಅದರಲ್ಲಿದೆ. ಒಣಮೆಣಸು ಇಲ್ಲದ ಸಾರನ್ನು ನಾವು ಊಹಿಸಲಾರೆವು, ಆದರೆ ಮೆಣಸಿನಕಾಯಿ ನಮ್ಮ ದೇಶಕ್ಕೆ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಆಲೂಗೆಡ್ಡೆ, ಟೊಮೆಟೊ, ಗೋಡಂಬಿ ಕೂಡ ಹೊರಗಿನಿಂದ ಬಂದವೇ. ಪುಸ್ತಕವನ್ನು ಪೂರ್ತಿ ಓದಿಸಬೇಡಿ, ಭಾಷೆ ಅಲ್ಲಲ್ಲಿ ಹತ್ತು ವರ್ಷದವರಿಗೆ ಭಾರ. ಒಂದೊಂದು ಗಿಡದ ಭಾಗವನ್ನು ಆರಿಸಿ ನೀವು ಓದಿ ಹೇಳಿ. ಅವಳು ಅಡುಗೆಮನೆಯ ಡಬ್ಬಿಗಳನ್ನು ತೆರೆದು ಯಾವುದು ಎಲ್ಲಿಯದು ಎಂದು ಲೋಕದ ಭೂಪಟದಲ್ಲಿ ಗುರುತು ಹಾಕಲಿ. ಅದೇ ಲೇಖಕರ 'ಹಸುರು ಹೊನ್ನು' ಎರಡು ವರ್ಷ ತಡೆಯಲಿ.

ವಿಜ್ಞಾನಕ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಇದ್ದೇ ಇದೆ, ಮಲೆನಾಡಿನ ಮಗುವಿಗೆ ಅದರ ಕಾಡು ಪರಕೀಯವಲ್ಲ. ಬೇಟೆಯ ಪ್ರಸಂಗಗಳು ಬರುತ್ತವೆ, ನೀವು ಮೊದಲು ಓದಿಕೊಳ್ಳಿ. 'ಕರ್ವಾಲೊ' ಹನ್ನೆರಡಕ್ಕೆ ಇಡಿ. ಶಿವರಾಮ ಕಾರಂತರ 'ಬಾಲಪ್ರಪಂಚ' ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ. ಒಬ್ಬ ಮನುಷ್ಯ ಮಕ್ಕಳಿಗಾಗಿ 1936ರಲ್ಲಿ ಮೂರು ಸಂಪುಟಗಳಲ್ಲಿ ಲೋಕವನ್ನೆಲ್ಲ ಬಿಡಿಸಿಟ್ಟದ್ದನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನೇ ನಡೆಸಿದವರು ಅವರು. ಹಳೆಯ ಪುಸ್ತಕ, ಮಾಹಿತಿ ಹಳತು ಎಂದು ಹಿಂಜರಿಯಬೇಡಿ. ಆಗ ಚಂದ್ರನ ಮೇಲೆ ಯಾರೂ ಕಾಲಿಟ್ಟಿರಲಿಲ್ಲ, ಭಾರತದ ಭೂಪಟವೇ ಬೇರೆ ಇತ್ತು. ಯಾವ ಮಾಹಿತಿ ಬದಲಾಗಿದೆ ಎಂದು ಹುಡುಕಿ ಅಂಚಿನ ಚೀಟಿಯಲ್ಲಿ ಬರೆಯುವ ಕೆಲಸವನ್ನು ಮಗಳಿಗೆ ಕೊಡಿ. ಅಚ್ಚಾದ ಮಾತನ್ನೂ ಪರೀಕ್ಷಿಸಬಹುದು ಎಂದು ಅವಳಿಗೆ ಆ ವಯಸ್ಸಿಗೇ ತಿಳಿದರೆ ದೊಡ್ಡ ಲಾಭ.

ಉಳಿದ ಮೂರು ಪುಸ್ತಕಗಳನ್ನು ಅವಳೇ ಆರಿಸಲಿ. ಅದು ಚಿತ್ರಕತೆಯಾದರೂ ಸರಿ, ನಿಮಗೆ ಇಷ್ಟವಿಲ್ಲದ್ದಾದರೂ ಸರಿ, ಅಡ್ಡಿ ಮಾಡಬೇಡಿ.

ಬರವಣಿಗೆಗೆ ಬೇರೆ ಪುಸ್ತಕ ಬೇಕಾಗಿಲ್ಲ. ಓದುತ್ತಿರುವ ಕತೆಯಿಂದಲೇ ಮೂರು ನಾಲ್ಕು ಸಾಲು ಆರಿಸಿ, ಹಿಂದಿನ ದಿನ ನೋಡಿಕೊಳ್ಳಲು ಹೇಳಿ, ಮರುದಿನ ಉಕ್ತಲೇಖನ ಕೊಡಿ. ಒತ್ತಕ್ಷರ, ಮಹಾಪ್ರಾಣ, ವಾಕ್ಯದ ನಡೆ ಎಲ್ಲವೂ ಅದರಲ್ಲೇ ಕೂಡಿಕೊಳ್ಳುತ್ತವೆ. ಇಂಗ್ಲಿಷಿಗೆ ದಿನಕ್ಕೆ ಅರ್ಧ ಗಂಟೆ ಸಾಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಒಂದೇ ಕತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತದೆ, ಮೊದಲು ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿಗೆ ಹೋಗಲಿ.

ಗಣಿತದ ವಿಷಯದಲ್ಲಿ ನಿಮಗೆ ಸಮಾಧಾನದ ಮಾತು ಹೇಳಲಾರೆ. ಕತೆಯಿಂದ ಗಣಿತ ಬರುವುದಿಲ್ಲ. ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ'ವನ್ನು ಪದ್ಯದಲ್ಲೇ ಬರೆದ, ಭಾಸ್ಕರಾಚಾರ್ಯನ 'ಲೀಲಾವತಿ'ಯ ಲೆಕ್ಕಗಳಲ್ಲಿ ದುಂಬಿ, ಹಂಸ, ನವಿಲು ಎಲ್ಲ ಬರುತ್ತವೆ. ವಾರಕ್ಕೊಂದು ಅಂಥ ಲೆಕ್ಕ ಮಾಡಿಸಿ, ಆನಂದಪಡಲಿ. ಆದರೆ ಭಿನ್ನರಾಶಿ ಬರಬೇಕಾದರೆ ಅದಕ್ಕೆ ಮೊದಲಿನ ಭಾಗಾಕಾರ ಗಟ್ಟಿ ಇರಬೇಕು, ಮೆಟ್ಟಿಲು ಬಿಟ್ಟು ಹತ್ತಲಾಗುವುದಿಲ್ಲ. ರಾಜ್ಯದ ಗಣಿತ ಪಠ್ಯಪುಸ್ತಕವನ್ನೇ ಇಟ್ಟುಕೊಳ್ಳಿ, ಬೆಳಿಗ್ಗೆ ತಲೆ ಹಗುರವಿರುವಾಗ ನಲವತ್ತು ನಿಮಿಷ, ವಾರಕ್ಕೆ ಐದು ದಿನ, ತಪ್ಪದೆ. ಹೀಗೆ ಕಲಿಯುವ ಮನೆಗಳಲ್ಲಿ ಹೆಚ್ಚಾಗಿ ಹಿಂದೆ ಬೀಳುವುದು ಗಣಿತವೇ. ಕತೆಯ ಸಂತೋಷದಲ್ಲಿ ದಿನ ಹೋಗಿಬಿಡುತ್ತದೆ. ಉಳಿದ ವಿಷಯಗಳ ಪಠ್ಯಪುಸ್ತಕಗಳನ್ನೂ ಕಪಾಟಿನಲ್ಲಿಡಿ. ಕಲಿಸುವುದಕ್ಕಾಗಿ ಅಲ್ಲ, ಮೂರು ತಿಂಗಳಿಗೊಮ್ಮೆ ತೆರೆದು ಯಾವುದು ಬಿಟ್ಟುಹೋಯಿತು ಎಂದು ನೀವು ನೋಡಿಕೊಳ್ಳುವುದಕ್ಕೆ.

ವರ್ಷವನ್ನು 36 ವಾರ ಎಂದು ಭಾಗ ಮಾಡದೆ ನಿಮ್ಮ ತೋಟದ ಪ್ರಕಾರ ಭಾಗ ಮಾಡಿ. ಮಳೆಗಾಲದಲ್ಲಿ ಹೊರಗೆ ಹೋಗಲಾಗದ ದಿನಗಳು ಉದ್ದದ ಕಾದಂಬರಿಗೆ. ಅಡಿಕೆಯ ಕೊನೆಕೊಯ್ಲು ಶುರುವಾದರೆ ನಿಮಗೆ ಉಸಿರಾಡಲು ಬಿಡುವಿರುವುದಿಲ್ಲ, ಆಗ ಪಾಠ ನಡೆಸುತ್ತೇನೆ ಎಂದು ಹಟ ಹಿಡಿದರೆ ನೀವೂ ಸೋಲುತ್ತೀರಿ, ಅವಳೂ ಅಳುತ್ತಾಳೆ. ಆ ಎರಡು ತಿಂಗಳು ಗಣಿತ ಮಾತ್ರ ಇಟ್ಟುಕೊಂಡು, ಹಸಿ ಅಡಿಕೆ ಎಷ್ಟು, ಬೇಯಿಸಿ ಒಣಗಿಸಿದ ಮೇಲೆ ಎಷ್ಟು, ಕ್ವಿಂಟಾಲಿಗೆ ಇವತ್ತಿನ ಧಾರಣೆ ಏನು ಎಂಬ ಲೆಕ್ಕದ ಪುಸ್ತಕವನ್ನು ಅವಳ ಕೈಗೆ ಕೊಡಿ. ರಾತ್ರಿ ಅಡಿಕೆ ಸುಲಿಯುವಾಗ ಎಲ್ಲರ ಕೈಗೂ ಕೆಲಸ, ಕಿವಿ ಖಾಲಿ. ಆಗ ಅವಳೇ ಗಟ್ಟಿಯಾಗಿ ಓದಲಿ, ಮನೆಮಂದಿ ಕೇಳಲಿ.

ಅತ್ತೆಯವರ ಮಾತನ್ನು ನೀವು ವಿರೋಧ ಎಂದು ತೆಗೆದುಕೊಂಡಿದ್ದೀರಿ. ನನಗೆ ಅದರಲ್ಲಿ ಭಯ ಕಾಣುತ್ತದೆ. ಅವರ ಕಾಲದಲ್ಲಿ ಶಾಲೆ ಬಿಡಿಸಿದ ಹೆಣ್ಣುಮಗಳ ಬದುಕು ಅಡುಗೆಮನೆಗೇ ಮುಗಿಯುತ್ತಿತ್ತು. ಅವರು ಹೆದರುವುದರಲ್ಲಿ ನ್ಯಾಯವಿದೆ. ಅವರೊಡನೆ ವಾದ ಮಾಡಬೇಡಿ, ಕೆಲಸ ಕೊಡಿ. ಅವರಿಗೆ ಗೊತ್ತಿರುವ ಹಾಡು, ಒಗಟು, ಅಜ್ಜಿಕತೆಗಳನ್ನು ಮೊಮ್ಮಗಳು ಬರೆದುಕೊಳ್ಳಲಿ. ವಾರಕ್ಕೆ ಎರಡು ಸಂಜೆ ಅದು ಅತ್ತೆಯವರ ತರಗತಿ. ಮಗು ಏನು ಕಲಿಯುತ್ತಿದೆ ಎಂದು ಅವರು ತಾವೇ ಕಾಣುವಂತಾದರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಹೋಗಬೇಕಾದರೆ ಪರೀಕ್ಷೆಯ ದಾರಿ ಕಾಣಬೇಕು.

ಅದನ್ನೂ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದು ಹೇಳುತ್ತದೆ, ಸೇರಿಸದ ಪೋಷಕರಿಗೆ ದಂಡ ವಿಧಿಸುವುದಿಲ್ಲ, ಮನೆಶಿಕ್ಷಣದ ಹೆಸರನ್ನು ಎತ್ತುವುದೂ ಇಲ್ಲ. ಆದ್ದರಿಂದ ಇದು ಸ್ಪಷ್ಟ ಅನುಮತಿ ಇರುವ ದಾರಿ ಎಂದು ಭಾವಿಸಬೇಡಿ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರು ಮನೆಗೆ ಬಂದರೆ ಮಗಳನ್ನು ಒಳಗೆ ಕಳಿಸಬೇಡಿ, ಗೌರವದಿಂದ ಕೂರಿಸಿ ಅವಳ ಪುಸ್ತಕಗಳನ್ನು ತೋರಿಸಿ. ಅದಕ್ಕಾಗಿ ಒಂದು ದಾಖಲೆ ಇರಲಿ: ದಿನಾಂಕ, ಓದಿದ್ದು, ಮಾಡಿದ ಲೆಕ್ಕ, ತಿಂಗಳಿಗೊಂದು ಬರಹ, ಹೋದ ಸ್ಥಳಗಳು. ಹಳೆಯ ಶಾಲೆಯ ವರ್ಗಾವಣೆ ಪತ್ರ ಜೋಪಾನ. ನಾಳೆ ಅವಳಿಗೆ ಶಾಲೆ ಬೇಕೆನಿಸಿದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಹತ್ತನೆಯ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ, ಎನ್‌ಐಓಎಸ್ ಎನ್ನುತ್ತಾರೆ. ಹದಿನಾಲ್ಕು ತುಂಬಿದವರು ಅದರ ಸೆಕೆಂಡರಿ ಹಂತಕ್ಕೆ ಸೇರಬಹುದು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ ಇರಬೇಕು, ಕನ್ನಡವನ್ನೂ ತೆಗೆದುಕೊಳ್ಳಬಹುದು. ನಡುವೆ ಐದನೇ ಮತ್ತು ಎಂಟನೇ ತರಗತಿಗೆ ಸಮನಾದ ಹಂತಗಳೂ ಇವೆ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯ ನಿಯಮಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಹನ್ನೆರಡರವರೆಗೆ ನಾನು ಹೇಳಿದ ಹಾಗೆ ನಡೆಯಲಿ, ಹದಿಮೂರಕ್ಕೆ ಪರೀಕ್ಷೆಯ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ಕೂತರೆ ಓದು ಬಲ್ಲ ಹುಡುಗಿಗೆ ಎರಡು ವರ್ಷ ಸಾಕಾಗುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಅವಳ ಗೆಳತಿಯರ ಮಾತೇ ಎಲ್ಲೂ ಬರಲಿಲ್ಲ. ಹಳ್ಳಿಯ ಒಂಟಿ ಮನೆ, ಶಾಲೆ ಇಲ್ಲ, ಎದುರಿಗೆ ಯಾವಾಗಲೂ ಅಮ್ಮ. ಎಷ್ಟು ಒಳ್ಳೆಯ ಪುಸ್ತಕವೂ ಜಗಳವಾಡುವ ಗೆಳತಿಯ ಜಾಗ ತುಂಬುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ, 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದ ಮೂಲಕ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಊರಿನ ನಾಲ್ಕಾರು ಮಕ್ಕಳನ್ನು ಅಲ್ಲಿ ಸೇರಿಸಿ, ಒಂದು ಗಂಟೆ ನೀವೇ ಕತೆ ಓದಿ, ಆಮೇಲೆ ಆಟಕ್ಕೆ ಬಿಟ್ಟುಬಿಡಿ. ಹೆಗ್ಗೋಡು ನಿಮಗೆ ದೂರವಲ್ಲ, ಅಲ್ಲಿ ನೀನಾಸಂ ರಂಗಸಂಸ್ಥೆಯ ನಾಟಕ ಇದ್ದಾಗ ಎಲ್ಲರನ್ನೂ ಕಟ್ಟಿಕೊಂಡು ಹೋಗಿ. ಅಲ್ಲಿ ನೋಡಿದ ನಾಟಕವನ್ನು ಮಕ್ಕಳು ಅಂಗಳದಲ್ಲಿ ಆಡುವುದನ್ನು ತಡೆಯಲು ನಿಮ್ಮಿಂದ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ, ಆರು ತಿಂಗಳ ನಂತರ ಅವಳು ಶಾಲೆಗೆ ಹೋಗುತ್ತೇನೆ ಎಂದರೆ ಕಳಿಸಿ. ನೀವು ಸೋತಿರಿ ಎಂದು ಅರ್ಥವಲ್ಲ, ರಾತ್ರಿಯ ಓದು ಹೇಗೂ ಮನೆಯಲ್ಲೇ ಇರುತ್ತದೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಂಗಳಿಗೊಮ್ಮೆ ಕೇಳಿ, ಕೇಳುವಾಗ ನಿಮ್ಮ ಮುಖದಲ್ಲಿ ಉತ್ತರ ಬರೆದಿರಬಾರದು. ಈ ಸೋಮವಾರ ಗಣಿತದ ನಲವತ್ತು ನಿಮಿಷ ಶುರುವಾಗಲಿ. ಅಂದೇ ಸಂಜೆ ಇಬ್ಬರೂ ಹೋಗಿ ಗ್ರಂಥಾಲಯದ ಕಾರ್ಡು ಅವಳ ಹೆಸರಿನಲ್ಲಿ ಮಾಡಿಸಿ. ಮೊದಲು ಯಾವ ಪುಸ್ತಕ ತರಬೇಕೆಂದು ಅವಳೇ ಹೇಳಲಿ.